ಹದಿನೇಳು ಸೆಕೆಂಡಿನ ಅತ್ತೆ

ನಮ್ಮ ಅತ್ತೆಯ ಉದ್ಯೋಗ ಹಲ್ಲು ಮಾಡುವುದು. ಕೀಳುವುದಲ್ಲ, ಮಾಡುವುದು, ಕೀಳುವ ಕೆಲಸ ಡಾಕ್ಟರದು. ಊರಿನ ಐದಾರು ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅತ್ತೆ ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ ಸೆಟ್ಟು ಮಾಡಿ ಕೊಡುತ್ತಾರೆ. ಆ ಕೋಣೆಯಲ್ಲಿ ಎಂಥ ಸೆಕೆಯಿದ್ದರೂ ಫ್ಯಾನ್ ಹಾಕುವಂತಿಲ್ಲ, ಪ್ಲಾಸ್ಟರಿನ ಪುಡಿ ಹಾರುತ್ತದೆ. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ನಾನು ಬಚ್ಚಲುಮನೆ ಎಂದುಕೊಂಡು ಅದರ ಬಾಗಿಲು ತೆರೆದಿದ್ದೆ. ಕಪಾಟಿನಲ್ಲಿ ನಲವತ್ತು ಜೊತೆ ಹಲ್ಲುಗಳು ಸಾಲಾಗಿ ಕೂತು ನನ್ನನ್ನು ನೋಡಿ ನಗುತ್ತಿದ್ದವು. ಅತ್ತೆ ಮಾತ್ರ ನಗಲಿಲ್ಲ. ಬಾಗಿಲು ಹಾಕು, ಗಾಳಿ ಬರುತ್ತೆ ಎಂದರು. ಅವರು ನನ್ನೊಡನೆ ಆಡಿದ ಮೊದಲ ಮಾತೇ ಅದು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಸಂಜೆಯವರೆಗೂ ಅವರನ್ನು ಮಾತಾಡಿಸಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ ಎಂದು ಆಮೇಲೆ ಗೊತ್ತಾಗಿ ಇನ್ನಷ್ಟು ಉರಿಯಿತು.

ಆ ವಾರದ ಭಾನುವಾರವೇ ನನಗೆ ಇನ್ನೊಂದು ವಿಷಯ ತಿಳಿದದ್ದು. ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಯಾರೋ ಕ್ಷಯ ಹಿಡಿದವರು ಕೆಮ್ಮಿದಂತಾಯಿತು. ಇಣುಕಿದರೆ ಅತ್ತೆ. ದಪ್ಪ ಜಾಕೆಟ್ಟು, ಕಾಲಿಗೆ ಬೂಟು, ಕೈಯಲ್ಲಿ ಹೆಲ್ಮೆಟ್ಟು. ಕೆಮ್ಮುತ್ತಿದ್ದದ್ದು ಅವರ ಮೋಟಾರ್‌ಸೈಕಲ್ಲು. ನನ್ನ ಗಂಡ ಎರಡನೇ ಕ್ಲಾಸಿನಲ್ಲಿದ್ದಾಗ, ಡಾಕ್ಟರುಗಳ ಕ್ಲಿನಿಕ್ಕಿಗೆ ಹಲ್ಲಿನ ಡಬ್ಬಿಗಳನ್ನು ತಲುಪಿಸಲು ಕೊಂಡ ಗಾಡಿ ಅದು. ಕೊಂಡಾಗಲೇ ಹಳೆಯದು. ಎಲ್ಲಿಗೆ ಎಂದು ಕೇಳಿದೆ. ರೇಸಿಗೆ ಎಂದರು, ತರಕಾರಿಗೆ ಎನ್ನುವ ಧಾಟಿಯಲ್ಲಿ. ನಾನು ಒಳಗೆ ಹೋಗಿ ಗಂಡನನ್ನು ಎಬ್ಬಿಸಿದೆ. ಇದನ್ನು ಹೆಣ್ಣು ನೋಡಲು ಬಂದ ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಹೇಳಿದ್ದರೆ ನೀನು ಒಪ್ಪುತ್ತಿದ್ದೆಯಾ ಎಂದು ಅವನು ಮಗ್ಗುಲು ಬದಲಿಸಿದ.

ರೇಸಿಗೆ ಅವರು ಬಿದ್ದದ್ದೂ ಹಲ್ಲಿನ ದೆಸೆಯಿಂದಲೇ. ಊರಾಚೆ ಹಿಂದೆ ವಿಮಾನ ಇಳಿಯುತ್ತಿದ್ದ, ಈಗ ಪಾಳುಬಿದ್ದ ಹಾದಿಯೊಂದಿದೆ. ಅಲ್ಲಿ ಹವ್ಯಾಸಿಗಳು ಇಬ್ಬಿಬ್ಬರಾಗಿ ನಿಂತು ನಾನೂರು ಮೀಟರ್ ನೆಟ್ಟಗೆ ಬೈಕು ಓಡಿಸುತ್ತಾರೆ. ನಡೆಸುವವರು ಶಾಲೆಯೊಂದರ ಡ್ರಿಲ್ ಮೇಷ್ಟ್ರು, ಎಲ್ಲರ ಬಾಯಲ್ಲೂ ಸೀಟಿ ಮೇಷ್ಟ್ರು. ಒಂದು ವರ್ಷ ಪಂದ್ಯದ ಹಿಂದಿನ ವಾರ ಅವರು ಬಿದ್ದು ಮುಂದಿನ ಎರಡು ಹಲ್ಲು ಮುರಿದುಕೊಂಡರು. ಹಲ್ಲಿಲ್ಲದೆ ಸೀಟಿ ಕಚ್ಚಲಾಗದು, ಸೀಟಿಯಿಲ್ಲದೆ ಪಂದ್ಯ ನಡೆಯದು. ಅತ್ತೆ ರಾತ್ರಿ ಹಗಲು ಕೂತು ಎರಡು ಹಲ್ಲು ಮಾಡಿ, ಭಾನುವಾರ ಬೆಳಿಗ್ಗೆ ತಾವೇ ಗಾಡಿಯಲ್ಲಿ ಒಯ್ದು, ಆ ಬಯಲಲ್ಲೇ ಮೇಷ್ಟ್ರ ಬಾಯಿಗೆ ಕೂರಿಸಿದರು. ಮೇಷ್ಟ್ರು ಸೀಟಿ ಊದಿ ನೋಡಿದರು, ಸಂತೋಷವಾಯಿತು. ಬಂದದ್ದು ಬಂದಿರಿ, ನೀವೂ ಒಂದು ಸಲ ಓಡಿಸಿ ಎಂದರು. ಓಡಿಸಿದರು. ಆಗ ಅತ್ತೆಗೆ ನಲವತ್ತೇಳು. ಈಗ ಐವತ್ತಾರು.

ಅವರು ಓಡಿಸುವ ಪಂದ್ಯದ ರೀತಿ ತಿಳಿಯದಿದ್ದರೆ ಅತ್ತೆಯೂ ತಿಳಿಯುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಅದಕ್ಕೆ ಮಾತಿನ ಪಂದ್ಯ ಎಂದು ಹೆಸರು. ಓಡುವ ಮುಂಚೆಯೇ ನನ್ನ ಗಾಡಿ ಇಷ್ಟು ಸೆಕೆಂಡಿನಲ್ಲಿ ಓಡುತ್ತದೆ ಎಂದು ಮಾತು ಕೊಡಬೇಕು. ಅದನ್ನು ಸೀಮೆಸುಣ್ಣದಲ್ಲಿ ಟ್ಯಾಂಕಿನ ಮೇಲೆ ಬರೆಯುತ್ತಾರೆ. ಅತ್ತೆಯದು ಹದಿನೇಳು ಪಾಯಿಂಟ್ ನಾಲ್ಕು. ಎದುರಾಳಿ ಹದಿನಾಲ್ಕು ಎಂದು ಬರೆದಿದ್ದರೆ, ಅತ್ತೆಗೆ ಹಸಿರು ದೀಪ ಮೂರು ಚಿಲ್ಲರೆ ಸೆಕೆಂಡು ಮುಂಚೆ ಹತ್ತುತ್ತದೆ. ಇಬ್ಬರೂ ಹೇಳಿದಂತೆಯೇ ಓಡಿದರೆ ಕೊನೆಯ ಗೆರೆಯನ್ನು ಒಟ್ಟಿಗೇ ಮುಟ್ಟಬೇಕು. ಮೊದಲು ಮುಟ್ಟಿದವರು ಗೆದ್ದಂತೆ. ಆದರೆ ಹೇಳಿದ್ದಕ್ಕಿಂತ ಬೇಗ ಓಡಿದರೆ, ಕೂದಲೆಳೆಯಷ್ಟು ಬೇಗ ಓಡಿದರೂ, ನಿಮ್ಮ ಕಡೆ ಕೆಂಪು ದೀಪ. ಸೋಲು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರಲ್ಲ, ಅಲ್ಲಿ ಅದನ್ನು ನೂರನೇ ಒಂದು ಸೆಕೆಂಡಿನ ತನಕ ಅಳೆಯುತ್ತಾರೆ.

ಬೇಗ ಓಡಿದ್ದಕ್ಕೆ ಸೋಲುವ ಪಂದ್ಯ ಭೂಮಿಯ ಮೇಲೆ ಇದೆಯೆಂದು ಮೊದಲು ಕೇಳಿದಾಗ ನಾನು ನಕ್ಕಿದ್ದೆ. ಒಂದು ಸಲ ನೋಡಿದ ಮೇಲೆ ನಗು ನಿಂತಿತು. ಅತ್ತೆಯ ಕೈಗೆ ಹೇಳಿ ಮಾಡಿಸಿದ ಆಟ ಅದು. ಹಲ್ಲಿನ ಸೆಟ್ಟಿನಲ್ಲೂ ಅಷ್ಟೇ, ಬಣ್ಣದ ಕಾಗದ ಕಚ್ಚಿಸಿ, ಎಲ್ಲಿ ಗುರುತು ಬಿತ್ತೋ ಅಲ್ಲಿ ಆ ಕಾಗದದ ದಪ್ಪದಷ್ಟೇ ಉಜ್ಜಬೇಕು. ಒಂದು ಎಳೆ ಹೆಚ್ಚು ಉಜ್ಜಿದರೆ ತಿಂಗಳ ಕೆಲಸ ತಿಪ್ಪೆಗೆ. ರೇಸಿನಲ್ಲೂ ಗೆರೆಗೆ ಸ್ವಲ್ಪ ಮುಂಚೆ, ಹಾದಿಯ ಬದಿಯ ಕೊನೆಯ ಬಿಳಿ ಡ್ರಮ್ಮಿನ ಹತ್ತಿರ ಅವರು ಒಮ್ಮೆ ತಲೆ ತಿರುಗಿಸಿ ಹಿಂದೆ ನೋಡುತ್ತಾರೆ. ಎದುರಾಳಿ ದೂರವಿದ್ದರೆ ಎಕ್ಸಿಲರೇಟರನ್ನು ಒಂದು ಎಳೆ ಸಡಿಲಿಸುತ್ತಾರೆ. ಇಂಜಿನ್ನಿನ ದನಿ ಅರ್ಧ ಸ್ವರ ಇಳಿಯುತ್ತದೆ. ನಾನು ಆರು ವರ್ಷದಿಂದ ಆ ಡ್ರಮ್ಮಿನ ಪಕ್ಕದಲ್ಲೇ ನಿಲ್ಲುತ್ತೇನೆ. ನಿದ್ದೆಗಣ್ಣಲ್ಲಿ ಕೇಳಿಸಿದರೂ ಆ ಇಳಿತ ನನಗೆ ಗೊತ್ತಾಗುತ್ತದೆ.

ನಾನು ಹೇಗೆ ಅಲ್ಲಿ ಹೋಗಿ ನಿಂತೆ ಎಂದರೆ, ಅದಕ್ಕೂ ಜಗಳವೇ ಕಾರಣ. ನಾನು ಪಾರ್ಸೆಲ್ ಆಫೀಸಿನಲ್ಲಿ ತೂಕದ ಗುಮಾಸ್ತೆ. ತಕ್ಕಡಿಯ ಮುಂದೆ ದಿನವಿಡೀ ಜನರ ಜೊತೆ ವಾದ ಮಾಡುವವಳು. ಅತ್ತೆಗೆ ಸಕ್ಕರೆ ಕಾಯಿಲೆಯ ಸೂಚನೆ ಇದೆ ಎಂದು ಡಾಕ್ಟರು ಹೇಳಿದ ವರ್ಷ, ಅಡುಗೆಮನೆಯ ಅಧಿಕಾರ ನಾನು ವಹಿಸಿಕೊಂಡೆ. ಸಿಹಿ ಬಂದ್, ಕರಿದದ್ದು ಬಂದ್, ಬೆಳಿಗ್ಗೆ ಸಂಜೆ ನಡಿಗೆ. ಅತ್ತೆ ಗೊಣಗಿದರು, ಆದರೂ ತಿಂದರು. ಆ ಸಲದ ಪಂದ್ಯದಲ್ಲಿ ಸೆಮಿಫೈನಲ್ಲಿನವರೆಗೂ ಬಂದು, ಹದಿನೇಳು ಪಾಯಿಂಟ್ ನಾಲ್ಕು ಎಂದು ಬರೆದು, ಹದಿನೇಳು ಪಾಯಿಂಟ್ ಮೂರು ಒಂದರಲ್ಲಿ ಓಡಿ ಸೋತರು. ಅಲ್ಲಿಯವರೆಗೆ ಅವರ ಗಾಡಿ ಅಷ್ಟು ಬೇಗ ಓಡಿದ್ದೇ ಇರಲಿಲ್ಲ. ಮೂರು ದಿನ ಕಾರ್ಬುರೇಟರ್ ಬಿಚ್ಚಿದರು, ಚೈನು ಅಳೆದರು, ಟೈರಿನ ಗಾಳಿ ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾಲ್ಕನೇ ದಿನ ನಮ್ಮ ಆಫೀಸಿಗೆ ಹಲ್ಲಿನ ಪಾರ್ಸೆಲ್ ಕೊಡಲು ಬಂದಾಗ ನಾನು ತಮಾಷೆಗೆ ಅವರನ್ನೇ ತಕ್ಕಡಿಯ ಮೇಲೆ ನಿಲ್ಲಿಸಿದೆ. ನಾಲ್ಕು ಕಿಲೋ ಇಳಿದಿದ್ದರು.

ಅತ್ತೆ ಮುಳ್ಳು ನೋಡಿದರು, ನನ್ನನ್ನು ನೋಡಿದರು. ನೀನೇ ನನ್ನನ್ನು ಸೋಲಿಸಿದವಳು ಎಂದರು, ಸರದಿಯಲ್ಲಿ ನಿಂತ ಏಳೆಂಟು ಜನರ ಎದುರಿಗೆ. ನಾನೂ ಬಿಡಲಿಲ್ಲ. ಸಕ್ಕರೆ ಇಳಿದದ್ದಕ್ಕೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ, ನಾಲ್ಕು ಕಿಲೋಗೆ ಮಾತ್ರ ಬೈಗುಳ ಎಂದೆ. ಮನೆಗೆ ಬಂದ ಮೇಲೂ ಕೋಪ ಇಳಿಯದೆ ಪಾತ್ರೆಗಳನ್ನು ಬಡಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಕೊತ್ತಿ ಇರಲಿಲ್ಲ. ಆದರೆ ಪಾತ್ರೆ ತೊಳೆಯುತ್ತಲೇ ಒಂದು ಉಪಾಯ ಹೊಳೆಯಿತು. ಮುಂದಿನ ಪಂದ್ಯದ ಬೆಳಿಗ್ಗೆ ಅವರ ಪ್ಲಾಸ್ಟರ್ ಪುಡಿಯನ್ನೇ ಚಿಕ್ಕ ಚೀಲಗಳಲ್ಲಿ ಕಟ್ಟಿ, ತೂಕ ನೋಡಿ, ಜಾಕೆಟ್ಟಿನ ಜೇಬುಗಳಿಗೆ ತುಂಬಿದೆ. ಅತ್ತೆ ಹದಿನೇಳು ಪಾಯಿಂಟ್ ನಾಲ್ಕು ಒಂದರಲ್ಲಿ ಓಡಿದರು. ವಾಪಸ್ ಬಂದು ಹೆಲ್ಮೆಟ್ಟು ತೆಗೆದು, ಮುಂದಿನ ಸಲ ಎಡಜೇಬಿಗೆ ಸ್ವಲ್ಪ ಕಡಿಮೆ ಹಾಕು, ವಾಲುತ್ತೆ ಎಂದರು. ನಮ್ಮಿಬ್ಬರ ರಾಜಿ ಆದದ್ದು ಹೀಗೆ. ಅಂದಿನಿಂದ ಅವರ ತೂಕದ ಜವಾಬ್ದಾರಿ ನನ್ನದು, ಡ್ರಮ್ಮಿನ ಪಕ್ಕದ ಜಾಗವೂ ನನ್ನದು.

ಇದನ್ನೆಲ್ಲ ನೋಡಿ ಒಂದು ದಿನವೂ ನಗದವನು ನನ್ನ ಗಂಡ. ಅವನು ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ಓದುವ ಕೆಲಸದವನು. ಬೆಳಿಗ್ಗೆ ಹತ್ತರಿಂದ ಐದರವರೆಗೆ ಯಾರ ಯಾವ ಮೂಳೆ ಎಲ್ಲಿ ಮುರಿಯಿತು ಎಂದು ಓದಿ ಬಂದವನಿಗೆ ಮನೆಯಂಗಳದಲ್ಲಿ ಕೆಮ್ಮುವ ಬೈಕು ಹೇಗೆ ಕಾಣಬೇಕು? ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವನಿಗೆ ಉಳಿದವರೆಂದರೆ ಅಮ್ಮ ಒಬ್ಬರೇ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಅವನು ಪಂದ್ಯ ನೋಡಲು ಹೋಗಲಿಲ್ಲ. ಭಾನುವಾರ ಅತ್ತೆ ವಾಪಸ್ ಬರುವವರೆಗೂ ಬಾಗಿಲ ಬಳಿ ಪೇಪರು ಹಿಡಿದು ಕೂತಿರುತ್ತಿದ್ದ. ಪುಟ ತಿರುಗಿಸುತ್ತಿರಲಿಲ್ಲ. ಹೆದರಿಕೆ ಎಂದು ಅವನು ಬಾಯಿಬಿಟ್ಟು ಹೇಳಿದ್ದಿಲ್ಲ. ನನಗೆ ಪಾಪ ಅನ್ನಿಸುತ್ತಿತ್ತು.

ಕಳೆದ ಚಳಿಗಾಲದಲ್ಲಿ ಒಂದು ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟ.

"ಅಮ್ಮ, ಇದನ್ನ ಯಾವಾಗ ಬಿಡ್ತೀಯ?"

ಅತ್ತೆ ತುತ್ತು ನುಂಗಿದರು. "ಫೈನಲ್ಲಿನ ಕಪ್ಪು ಗೆದ್ದ ದಿನ ಬಿಡ್ತೀನಿ. ಅವತ್ತೇ ಗಾಡಿ ಮಾರಿಬಿಡು ಬೇಕಾದ್ರೆ. ಅಲ್ಲಿವರೆಗೂ ಇನ್ನೊಂದ್ಸಲ ಕೇಳ್ಬೇಡ."

ಮಾತು ಅಂದರೆ ಮಾತು. ಟ್ಯಾಂಕಿನ ಮೇಲೆ ಸುಣ್ಣದಲ್ಲಿ ಬರೆದದ್ದನ್ನೇ ಒರೆಸಿ ತಿದ್ದದ ಹೆಂಗಸು, ಮಗನಿಗೆ ಅನ್ನದ ಮುಂದೆ ಕೊಟ್ಟದ್ದನ್ನು ತಿದ್ದುತ್ತಾರೆಯೇ? ಆಗ ನಮಗೆ ಅದು ದೊಡ್ಡದಾಗಿ ಕಾಣಲಿಲ್ಲ, ನಿಜ. ಒಂಬತ್ತು ವರ್ಷದಲ್ಲಿ ಸೆಮಿಫೈನಲ್ ದಾಟದವರು ಕಪ್ಪು ಗೆದ್ದಾಗ ನೋಡಿಕೊಳ್ಳೋಣ ಎಂದುಕೊಂಡೆ. ಆದರೆ ನನ್ನ ಗಂಡ ಹಾಗೆ ಅಂದುಕೊಳ್ಳಲಿಲ್ಲ. ಮರುದಿನದಿಂದಲೇ ಅಮ್ಮನನ್ನು ಗೆಲ್ಲಿಸಲು ಟೊಂಕ ಕಟ್ಟಿ ನಿಂತ. ಬ್ರೇಕು ಯಾವುದು ಕ್ಲಚ್ಚು ಯಾವುದು ತಿಳಿಯದವನು ಬೈಕಿನ ಹಳೆಯ ಪುಸ್ತಕವೊಂದನ್ನು ಹುಡುಕಿ ತಂದ. ಅರ್ಜಿ ಓದುವಂತೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಓದಿದ. ಹೊಸ ಪ್ಲಗ್ ಹಾಕಿಸಿದ, ಸಂಜೆ ಕೂತು ಚೈನು ಉಜ್ಜಿದ, ಓಟ ಮುಗಿದಾಗ ಮೇಷ್ಟ್ರು ಕೊಡುವ ಚೀಟಿಗಳಲ್ಲಿದ್ದ ಹಳೆಯ ಸಮಯಗಳನ್ನೆಲ್ಲ ಬರೆದುಕೊಂಡು ಬಿಸಿಲಿನ ದಿನ ಎಷ್ಟು, ತಂಪಿನ ದಿನ ಎಷ್ಟು ಎಂದು ಪಟ್ಟಿ ಮಾಡಿದ. ಅತ್ತೆ ಹಲ್ಲು ಉಜ್ಜುತ್ತ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಉಜ್ಜುತ್ತಿದ್ದದ್ದು ಬೇರೆಯವರ ಹಲ್ಲು, ಅದನ್ನು ಹೇಳಬೇಕಾಗಿಲ್ಲ.

ಅವನ ಆರೈಕೆಯೋ, ಅತ್ತೆಯ ಕೈಯೋ, ನನ್ನ ತೂಕವೋ, ಈ ಸಲ ಗಾಡಿ ಗಡಿಯಾರದಂತೆ ಓಡತೊಡಗಿತು. ಒಂದೊಂದು ಭಾನುವಾರ ಒಬ್ಬೊಬ್ಬರನ್ನು ಸೋಲಿಸಿ ಅತ್ತೆ ಫೈನಲ್ಲಿಗೆ ಬಂದೇಬಿಟ್ಟರು. ಅಲ್ಲಿಗೆ ನಮ್ಮ ಮನೆಯ ಊಟದ ಮಾತು ನಿಂತಿತು. ಗೆದ್ದರೆ ಬಿಡಬೇಕು. ಮೂವರಿಗೂ ಗೊತ್ತು, ಮೂವರೂ ಆಡುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ನಾನು ಯಾರ ಕಡೆ ಎಂದು ನನಗೇ ತಿಳಿಯದೆ, ಇಬ್ಬರ ಮೇಲೂ ಸಿಡುಕುತ್ತಿದ್ದೆ. ಅತ್ತೆಗೆ ಕಪ್ಪಿನ ಆಸೆ ಇರಲಿಲ್ಲ ಎಂದಲ್ಲ. ಕಪಾಟಿನಲ್ಲಿ ಎರಡು ಹಲ್ಲಿನ ಸೆಟ್ಟುಗಳನ್ನು ಆಚೆ ಸರಿಸಿ ಜಾಗ ಮಾಡಿದ್ದನ್ನು ನಾನೇ ನೋಡಿದ್ದೆ.

ಫೈನಲ್ಲಿನ ದಿನ ನನ್ನ ಗಂಡ ಮೊದಲ ಬಾರಿಗೆ ನಮ್ಮ ಜೊತೆ ಬಂದ. ಕೊನೆಯ ಓಟ, ನೋಡಬೇಕು ಎಂದ. ಇಸ್ತ್ರಿ ಹಾಕಿದ ಅಂಗಿ ಬೇರೆ. ಚಳಿಯ ಬೆಳಿಗ್ಗೆ, ಗಾಳಿ ತಂಪಾಗಿತ್ತು. ತಂಪುಗಾಳಿಯಲ್ಲಿ ಇಂಜಿನ್ನಿಗೆ ದಮ್ಮು ಜಾಸ್ತಿ. ಇವತ್ತು ಹದಿನೇಳು ಮೂರು ಬರೆದುಕೋ ಅಮ್ಮ, ಗಾಡಿ ಬೇಗ ಓಡುತ್ತೆ ಎಂದು ಅವನೇ ತನ್ನ ಪಟ್ಟಿ ತೆಗೆದು ತೋರಿಸಿದ. ಅತ್ತೆ ಸುಣ್ಣದ ಕಡ್ಡಿ ಹಿಡಿದು ಹದಿನೇಳು ನಾಲ್ಕು ಎಂದೇ ಬರೆದರು. ಕೊನೆಯಲ್ಲಿ ಕೈ ಸಡಿಲಿಸಿದರೆ ಸರಿಹೋಗುತ್ತೆ ಎಂದರು. ನನಗೂ ಅದು ಸರಿಯೆನ್ನಿಸಿತು, ಯಾವಾಗಲೂ ಹಾಗೇ ಮಾಡುವವರು.

ಎದುರಾಳಿ ಒಬ್ಬ ಬೇಕರಿಯವನು. ಒಳ್ಳೆಯ ಮನುಷ್ಯ, ಒಳ್ಳೆಯ ಹೊಟ್ಟೆ, ಹೊಸ ದೊಡ್ಡ ಬೈಕು, ಹದಿನಾಲ್ಕು ಪಾಯಿಂಟ್ ಒಂದು. ಅವನ ಅಪ್ಪನ ಹಲ್ಲಿನ ಸೆಟ್ಟು ಅತ್ತೆಯೇ ಮಾಡಿದ್ದು. ಅಜ್ಜ ಚೆನ್ನಾಗಿ ಅಗೀತಾರಾ ಎಂದು ಅತ್ತೆ ವಿಚಾರಿಸಿದರು. ಈಗ ಎಲ್ಲರನ್ನೂ ಅಗೀತಾರೆ ಎಂದ ಅವನು. ಸೀಟಿ ಮೇಷ್ಟ್ರು ಸೀಟಿ ಊದಿದರು. ನಾನು ನನ್ನ ಡ್ರಮ್ಮಿನ ಹತ್ತಿರ ಹೋದೆ, ಗಂಡನೂ ಬಂದು ಪಕ್ಕದಲ್ಲಿ ನಿಂತ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ದೂರದಲ್ಲಿ, ಹೊರಡುವ ಗೆರೆಯ ಕಂಬದಲ್ಲಿ ಹಳದಿ ದೀಪಗಳು ಮೇಲಿನಿಂದ ಒಂದೊಂದಾಗಿ ಹತ್ತುತ್ತ ಇಳಿದವು. ಹಸಿರು ಹತ್ತಿದ ಕ್ಷಣಕ್ಕೆ ಅತ್ತೆ ಹೊರಟರು. ಅಷ್ಟು ಚೊಕ್ಕವಾಗಿ ಹೊರಟದ್ದನ್ನು ನಾನು ನೋಡಿದ್ದೇ ಇಲ್ಲ. ಮೂರು ಸೆಕೆಂಡು ಕಳೆದು ಬೇಕರಿಯವನ ಹಸಿರು ಹತ್ತಿತು, ಅವನು ತಡಮಾಡಿದ. ಕಣ್ಣು ಮಿಟುಕಿಸುವಷ್ಟೇ ಇರಬಹುದು, ಆದರೆ ಆ ಪಂದ್ಯದಲ್ಲಿ ಅಷ್ಟು ಸಾಕು. ಅತ್ತೆ ಒಂದು, ಎರಡು, ಮೂರು ಎಂದು ಗೇರು ಹಾಕುತ್ತ ಬಂದರು. ಗಾಡಿ ಕೆಮ್ಮು ಮರೆತು ಕೂಗುತ್ತಿತ್ತು. ನನ್ನ ಪಕ್ಕದಲ್ಲಿ ಯಾರೋ ಹೋಗಮ್ಮ, ಹೋಗಮ್ಮ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ತಿರುಗಿ ನೋಡಿದರೆ ನನ್ನ ಗಂಡ. ಹಗ್ಗ ದಾಟಿ ಒಂದು ಕಾಲು ಆಚೆ ಇಟ್ಟಿದ್ದ. ಅಂಗಿಯ ಇಸ್ತ್ರಿ ಹಾಳಾಗಿತ್ತು, ಕಣ್ಣು ಬೆಳಗುತ್ತಿತ್ತು. ಆರು ವರ್ಷದಲ್ಲಿ ಅವನ ಮುಖವನ್ನು ಹಾಗೆ ನಾನು ನೋಡಿರಲಿಲ್ಲ.

ಡ್ರಮ್ಮಿನ ಹತ್ತಿರ ಅತ್ತೆ ತಲೆ ತಿರುಗಿಸಿ ಹಿಂದೆ ನೋಡಿದರು. ಬೇಕರಿಯವನು ಇನ್ನೂ ಎಲ್ಲೋ ಇದ್ದ. ಕಪ್ಪು ಅವರ ಕೈಯಲ್ಲಿತ್ತು, ಒಂದು ಎಳೆ ಸಡಿಲಿಸಿದರೆ ಮುಗಿಯಿತು. ನಾನು ದನಿ ಇಳಿಯಲೆಂದು ಕಿವಿಗೊಟ್ಟು ನಿಂತೆ.

ಇಳಿಯಲಿಲ್ಲ.

ಗೆರೆ ದಾಟಿದರು. ಅವರ ಕಡೆಯ ಕಂಬದಲ್ಲಿ ಕೆಂಪು ದೀಪ ಹತ್ತಿತು. ಹದಿನೇಳು ಪಾಯಿಂಟ್ ಎರಡು ಒಂಬತ್ತು. ಆ ಗಾಡಿ ಜನ್ಮದಲ್ಲಿ ಓಡದಷ್ಟು ಬೇಗ ಓಡಿ ಸೋತಿತ್ತು. ಬೇಕರಿಯವನಿಗೆ ತಾನು ಹೇಗೆ ಗೆದ್ದೆ ಎಂದು ಯಾರೋ ಹೇಳಬೇಕಾಯಿತು.

ಆಮೇಲೆ ಜನ ಮುತ್ತಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರು ಒಬ್ಬರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಇನ್ನೊಬ್ಬರು ಹಿಂದಿನಿಂದ ಗೊಣಗಿದರು. ಮೇಷ್ಟ್ರು ಬಂದು ಚೀಟಿ ಕೊಟ್ಟು, ಕ್ಷಮಿಸಿ ಎನ್ನುವಂತೆ ನಿಂತರು. ಅತ್ತೆ ಎಲ್ಲರ ಸಮಾಧಾನವನ್ನೂ ಬಡವರ ಮನೆ ಹೆಣ್ಣಿನ ಹಾಗೆ ತಲೆತಗ್ಗಿಸಿ ಸ್ವೀಕರಿಸಿದರು. ನನ್ನ ಗಂಡನಿಗೆ ಮಾತ್ರ ಸಮಾಧಾನವೇ ಆಗಲಿಲ್ಲ. ಕಪ್ಪು ಸೋತದ್ದು ತಾನೇ ಎನ್ನುವಂತೆ ಕೂಗಾಡಿದ. ದನಿ ಕಟ್ಟಿಹೋಗಿತ್ತು. ಅಷ್ಟು ಮುಂದಿದ್ದೆ, ಯಾಕೆ ಕೈ ಸಡಿಲಿಸಲಿಲ್ಲ, ನಾನು ಪಟ್ಟಿ ಮಾಡಿ ಕೊಟ್ಟಿದ್ದೆನಲ್ಲ ಎಂದು ಹೇಳಿದ್ದನ್ನೇ ಹೇಳಿದ.

ಜನ ಕರಗಿದ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ನಾವು ಮೂವರೇ ಉಳಿದೆವು. ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

"ಡ್ರಮ್ ಹತ್ರ ತಿರುಗಿ ನೋಡಿದ್ರಲ್ಲ ಅತ್ತೆ, ಅವನು ಎಷ್ಟು ಹಿಂದಿದ್ದ?"

"ತುಂಬ ಹಿಂದಿದ್ದ," ಎಂದರು ಅತ್ತೆ, ಬೂಟಿನ ದಾರ ಬಿಚ್ಚುತ್ತ.

ಅವರು ತಲೆ ಎತ್ತಲಿಲ್ಲ. ನನಗೆ ಮೊದಲು ಬಂದದ್ದು ಕೋಪವೇ. ವರ್ಷಗಟ್ಟಲೆ ಗ್ರಾಂ ಲೆಕ್ಕದಲ್ಲಿ ತೂಗಿದ್ದು ಇದಕ್ಕಾ ಅನ್ನಿಸಿತು. ಆದರೆ ಆ ಕೋಪ ಬಂದ ಹಾಗೇ ಹೋಯಿತು, ಅದರ ಜಾಗದಲ್ಲಿ ಎಂಥದೋ ಸಂತೋಷ ಉಕ್ಕಿತು. ಮುಂದಿನ ಭಾನುವಾರವೂ ಈ ಹೆಂಗಸು ಅಂಗಳದಲ್ಲಿ ಗಾಡಿ ಕೆಮ್ಮಿಸುತ್ತಾರೆ ಎಂಬ ಸಂತೋಷ. ನಾನು ಯಾರ ಕಡೆ ಎಂದು ನನಗೆ ಅಲ್ಲಿ ಗೊತ್ತಾಯಿತು. ನನ್ನ ಗಂಡನಿಗೆ ಇದೆಲ್ಲ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಜಿಯ ಕೊನೆಯ ಪುಟದಲ್ಲಿ ಬೇರೆಯೇ ಸಂಗತಿ ಸಿಕ್ಕವನಂತೆ ಅಮ್ಮನನ್ನು ನೋಡಿದ. ಆಮೇಲೆ ನೆಲದ ಮೇಲೆ, ಆ ಅಂಗಿಯಲ್ಲೇ, ಅವರ ಪಕ್ಕದಲ್ಲಿ ಕೂತ. ಉಳಿದಷ್ಟು ದನಿಯಲ್ಲಿ, ಆ ಮಾತು ವಾಪಸ್ ತಗೊಂಡುಬಿಡು, ನಾನು ಇನ್ನು ಯಾವತ್ತೂ ಕೇಳುವುದಿಲ್ಲ, ಗೆದ್ದರೂ ಓಡಿಸು ಎಂದ.

ಅತ್ತೆ ಬೂಟು ತೆಗೆದು ಪಕ್ಕಕ್ಕಿಟ್ಟರು. ಮಗನ ಅಂಗಿಯ ತೋಳಿಗೆ ಹತ್ತಿದ ಧೂಳು ಕೊಡವಿದರು.

"ಕೊಟ್ಟ ಮಾತು ಹಾಗೇ ಇರ್ಲಿ ಬಿಡು," ಎಂದರು. "ಗೆಲ್ಲೋದು ನನ್ನ ಕೈಲೇ ಇದೆ ಅಂತ ಇವತ್ತು ಗೊತ್ತಾಯ್ತಲ್ಲ. ಬಿಡ್ಬೇಕು ಅನ್ನಿಸಿದ ದಿನ ಗೆಲ್ತೀನಿ."